ಮನೆಯೊಳಗಣ ಸೋಂಕು: ಕೊರೋನಾ ಕಾಲದ ಮಗು ಮತ್ತು ಕುಟುಂಬವನ್ನು ಕುರಿತ ವಿವೇಚನೆ

2020ನೆಯ ಇಸವಿ ಜನವರಿ 24ರಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯು ಪ್ರಕಟಿಸಿದ, ಚೀನಾದ ಶೆನ್‌ಝೆನ್ ನಗರದ ಒಂದೇ ಕುಟುಂಬದ ರೋಗವೃತ್ತಾಂತವು, ಹೊಸ ಕೊರೋನಾ ವೈರಾಣು ಮನುಷ್ಯರಿಂದ ಮನುಷ್ಯರಿಗೆ ಹಬ್ಬಬಲ್ಲುದೆಂಬುದಕ್ಕೆ ದೊರೆತ ಮೊದಮೊದಲ ದೃಢ ಪ್ರಮಾಣಗಳಲ್ಲೊಂದೆಂದು ವಿದ್ವಾಂಸರಿಗೆ ಪರಿಚಿತವಾದುದೇ ಆಗಿದೆ. ಅಜ್ಜ, ಅಜ್ಜಿ, ಮಗಳು, ಅಳಿಯ, 10 ವರ್ಷದ ಮೊಮ್ಮಗ, 7 ವರ್ಷದ ಮೊಮ್ಮಗಳು, ಹೀಗೆ ಆರು ಮಂದಿ 2019ರ ಡಿಸೆಂಬರ್ 29ರಿಂದ ಜನವರಿ 4ರವರೆಗೆ ವುಹಾನ್ ನಗರದಲ್ಲಿ ತಂಗಿದ್ದರು. ಅವರಲ್ಲಿ ಯಾರೂ ಅಲ್ಲಿನ ಮಾರುಕಟ್ಟೆಗೆ ಕಾಲಿಟ್ಟವರಲ್ಲ. ಇಬ್ಬರು ಮಾತ್ರ ಒಂದು ಆಸ್ಪತ್ರೆಗೆ ಹೋಗಿಬಂದಿದ್ದರು. ಊರಿಗೆ ಹಿಂದಿರುಗಿದ ಮೇಲೆ, ಪ್ರಯಾಣವನ್ನೇ ಮಾಡದೆ ಮನೆಯಲ್ಲಿದ್ದ ಅಳಿಯನ ತಾಯಿಗೂ ಜ್ವರ ಬಂದಿತು. ಹುಡುಗನಿಗಾದರೋ ಜ್ವರವಿಲ್ಲ, ಕೆಮ್ಮಿಲ್ಲ. ಗಾಬರಿಗೊಂಡಿದ್ದ ತಂದೆತಾಯಿಗಳು ಹಠಹಿಡಿದು ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಅವನ ಶ್ವಾಸಕೋಶದ ಮೇಲೆ ಮಬ್ಬುಗಾಜಿನಂಥ ಛಾಯೆ ಕಂಡುಬಂದಿತು. ಅವನೊಡನೆಯೇ ಪ್ರಯಾಣ ಮಾಡಿದ ಹುಡುಗಿಗೆ ಸೋಂಕು ತಗುಲಿರಲಿಲ್ಲ. ವುಹಾನಿನಲ್ಲಿದ್ದಷ್ಟು ದಿನವೂ ಅವಳು ಹೆಚ್ಚು ಹೊತ್ತು ಮಾಸ್ಕ್ ಧರಿಸಿದ್ದಳೆಂದು ತಾಯಿ ವೈದ್ಯರಿಗೆ ತಿಳಿಸಿದಳು. ಒಂದು ಕುಟುಂಬದ ಇಬ್ಬರು ಮಕ್ಕಳಿಂದ ಮಾಸ್ಕಿನ ಮಹಿಮೆಯನ್ನು ಸಾಧಿಸಹೊರಡುವುದು ಸಾಹಸವೇ ಸರಿ. ಅದಿರಲಿ, ತಂದೆತಾಯಿಗಳ ಆ ಹಠವಿಲ್ಲದಿದ್ದಲ್ಲಿ ಹುಡುಗನು ಆರೋಗ್ಯವಂತರ ಪಟ್ಟಿಯಲ್ಲಿಯೇ ಉಳಿದುಬಿಡುತ್ತಿದ್ದನೆಂಬುದು ಪ್ರಕೃತ ವಿಚಾರಕ್ಕೆ ಮುಖ್ಯವಾದ ಅಂಶ.

ಮಗುವಿನ ಸೋಂಕನ್ನು ಮಗುವೊಂದನ್ನೇ ನೋಡಿ ಅರಿಯಲಾಗದು, ಅದು ಬೆಳೆಯುವ ಮನೆಯನ್ನು ನೋಡಿಯೇ ಅರಿಯಬೇಕು ಎಂಬುದು ಈ ಲೇಖನದ ಪ್ರತಿಪಾದನೆ. ಸೋಂಕಿನ ಮೊದಲ ವರ್ಷದ ವೈದ್ಯಕೀಯ ಸಾಹಿತ್ಯದಲ್ಲಿ ಪ್ರಚಲಿತವಾದ, ಮಕ್ಕಳಿಗೆ ಈ ವ್ಯಾಧಿ ಅಷ್ಟಾಗಿ ತಗುಲದೆಂಬ ಅಭಿಪ್ರಾಯವು ನಿರಾಧಾರವಾದುದೆಂದು ನಾನು ಹೇಳುವುದಿಲ್ಲ. ಐಸ್ಲೆಂಡಿನಲ್ಲಿ ಲಕ್ಷಣವಿದ್ದವರನ್ನೂ ಅಪಾಯಕ್ಕೊಳಗಾದವರನ್ನೂ ಆರಿಸಿ ಪರೀಕ್ಷಿಸಿದಾಗ 10 ವರ್ಷದೊಳಗಿನವರಲ್ಲಿ ಶೇಕಡಾ 6.7ರಷ್ಟು ಮಂದಿಗೆ ಸೋಂಕು ಕಂಡುಬಂದರೆ ಅದಕ್ಕೆ ಮೇಲ್ಪಟ್ಟವರಲ್ಲಿ ಶೇಕಡಾ 13.7ರಷ್ಟು ಮಂದಿಗೆ ಕಂಡುಬಂದಿತು. ಇಟಲಿಯ ವೋ ಎಂಬ ಪುಟ್ಟ ಊರಿನಲ್ಲಿ 10 ವರ್ಷದವರೆಗಿನ 234 ಮಕ್ಕಳನ್ನು ಪರೀಕ್ಷಿಸಲಾಗಿ, ಅವರಲ್ಲಿ ಕೆಲವರು ಸೋಂಕಿತರ ಮನೆಯಲ್ಲಿಯೇ ವಾಸವಾಗಿದ್ದರೂ, ಒಬ್ಬರಲ್ಲಿಯೂ ವೈರಾಣು ದೊರೆಯಲಿಲ್ಲ. ವೈರಾಣುವು ಜೀವಕೋಶವನ್ನು ಹೊಗಲು ಬಳಸುವ ಎಸಿಇ-2 ಎಂಬ ಗ್ರಾಹಕವು ಮಕ್ಕಳ ಮೂಗಿನೊಳಪೊರೆಯಲ್ಲಿ ವಿರಳವೆಂದು ನ್ಯೂಯಾರ್ಕಿನ ಸಂಶೋಧಕರು ತೋರಿಸಿದರು. ಶರೀರಧರ್ಮಕ್ಕೆ ಸಲ್ಲಬೇಕಾದ ಪಾಲು ಇಷ್ಟು.

ಉಳಿದ ಪಾಲು ನಾವು ಎಣಿಸಿದ ಕ್ರಮಕ್ಕೆ ಸಲ್ಲುತ್ತದೆ. ಕರ್ನಾಟಕದಲ್ಲಿ ಮೊದಲ ಪ್ರಕರಣವು 2020ರ ಮಾರ್ಚ್ 9ರಂದು ಪ್ರಕಟವಾಯಿತು. ಅದು ವಿದೇಶದಿಂದ ಬಂದ ಒಬ್ಬ ಗೃಹಸ್ಥರದು. ಮರುದಿನವೇ ಅದೇ ಮನೆಯ ತಾಯಿ ಮತ್ತು ಮಗಳ ಹೆಸರುಗಳೂ ಪಟ್ಟಿಗೆ ಸೇರಿದವು. ಅನಂತರದ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯು ಪ್ರತಿದಿನ ಹೊರಡಿಸುತ್ತಿದ್ದ ಪ್ರಕಟಣೆಯನ್ನು ನೆನಪಿಸಿಕೊಳ್ಳುವವರಿಗೆ ಅದರ ಸ್ವರೂಪವೂ ನೆನಪಿರುತ್ತದೆ: ಪ್ರತಿ ರೋಗಿಗೂ ‘ಪಿ’ ಅಕ್ಷರದೊಡನೆ ಒಂದು ಕ್ರಮಸಂಖ್ಯೆ, ಅದರ ಮುಂದೆ ವಯಸ್ಸು, ಲಿಂಗ, ಜಿಲ್ಲೆ, ಕೊನೆಗೆ ಪ್ರಯಾಣದ ವಿವರ ಅಥವಾ ಪಿ-ಇಂತಿಷ್ಟನೆಯವರ ಸಂಪರ್ಕವೆಂಬ ಷರಾ. ಮಾರ್ಚ್ ಮಧ್ಯಭಾಗದಿಂದಲೇ ಶಾಲೆಗಳು ಮುಚ್ಚಿ, ಕೆಲಸಕ್ಕೋ ಸಂತೆಗೋ ಹಿರಿಯರು ಮಾತ್ರ ಹೊರಗೆ ಹೋಗಿಬರುತ್ತಿದ್ದ ಕಾಲದಲ್ಲಿ, ಮೊದಲು ಕೆಮ್ಮಿದವರು, ಮೊದಲು ಗಂಟಲ ದ್ರವವನ್ನು ಕೊಟ್ಟವರು, ಆದಕಾರಣ ಚಿಕ್ಕ ಸಂಖ್ಯೆಯನ್ನು ಪಡೆದವರು ಹಿರಿಯರೇ ಆಗಿದ್ದುದು ಸಹಜ; ಮಗುವು ಬಹುಮಟ್ಟಿಗೆ ಇನ್ನೊಬ್ಬರ ಸಂಪರ್ಕವೆಂದೇ ದಾಖಲಾಯಿತು. ಪರೀಕ್ಷೆಯ ಸರದಿಯನ್ನೇ ಸೋಂಕಿನ ಸರದಿಯೆಂದು ಗ್ರಹಿಸಿದಲ್ಲಿ, ಮಗುವು ಪಡೆಯುವುದೇ ಹೊರತು ಕೊಡುವುದಲ್ಲವೆಂಬ ನಿರ್ಣಯವು ಪಟ್ಟಿಯ ಅಂಕಣಗಳಿಂದಲೇ ಹುಟ್ಟಿಕೊಳ್ಳುತ್ತದೆ.

ಈ ಗ್ರಹಿಕೆಯನ್ನು ಅಲುಗಿಸಿದ ಅಧ್ಯಯನವು ನಮ್ಮ ನೆರೆಯಲ್ಲಿಯೇ ನಡೆಯಿತೆಂಬುದು ಗಮನಾರ್ಹ. ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಲ್ಲಿ 84,965 ಸೋಂಕಿತರ 5,75,071 ಸಂಪರ್ಕಿತರನ್ನು ಪರಿಶೀಲಿಸಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನವು, ಸಮವಯಸ್ಕರ ನಡುವೆ ಸೋಂಕು ಹೆಚ್ಚಾಗಿ ದಾಟುವುದೆಂದೂ, 14 ವರ್ಷದವರೆಗಿನ ಮಕ್ಕಳಲ್ಲಿ ಇದು ವಿಶೇಷವಾಗಿ ಕಾಣುವುದೆಂದೂ ನಿರೂಪಿಸಿತು. ಬೇರೆ ಬೇರೆ ದೇಶಗಳ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ಮತ್ತೊಂದು ಸಮೀಕ್ಷೆಯಲ್ಲಿ, ಮನೆಯ ವಯಸ್ಕ ಸಂಪರ್ಕಿತರಿಗೆ ಶೇಕಡಾ 28.3, ಮಕ್ಕಳಿಗೆ ಶೇಕಡಾ 16.8, ಗಂಡ ಅಥವಾ ಹೆಂಡತಿಗೆ ಶೇಕಡಾ 37.8 ಎಂಬ ಪ್ರಮಾಣದಲ್ಲಿ ಸೋಂಕು ತಗುಲಿದುದು ಕಂಡುಬಂದಿತು. ದಂಪತಿಗಳಿಗೆ ಪ್ರತ್ಯೇಕ ಕೋಣೆಯೂ ಮಗುವಿಗೆ ಪ್ರತ್ಯೇಕ ಮಂಚವೂ ಇರುವ ಮನೆಗಳಿಂದ ಬಂದ ಅಂಕಿಗಳನ್ನು, ನಡುಮನೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮೊಮ್ಮಕ್ಕಳು ಸಾಲಾಗಿ ಮಲಗುವ ಮನೆಗಳಿಗೆ ಹಾಗೆಯೇ ಅನ್ವಯಿಸುವುದು ಎಷ್ಟು ಉಚಿತವೆಂಬ ಸಂದೇಹ ಮಾತ್ರ ನನಗೆ ಉಂಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ 70 ಜಿಲ್ಲೆಗಳಲ್ಲಿ ನಡೆಸಿದ ನಾಲ್ಕನೆಯ ರಕ್ತಸಮೀಕ್ಷೆಯು ಈ ವಾದವನ್ನು ಒಂದು ನೆಲೆಗೆ ತಂದಿತು. ನಮ್ಮ ಬೆಂಗಳೂರು ನಗರ, ಚಿತ್ರದುರ್ಗ, ಕಲಬುರಗಿ ಜಿಲ್ಲೆಗಳೂ ಆ ಸಮೀಕ್ಷಾಸರಣಿಗೆ ಸೇರಿದ್ದವು. ನಮ್ಮಲ್ಲಿ ಮಕ್ಕಳಿಗೆ ಇನ್ನೂ ಲಸಿಕೆ ಹಾಕತೊಡಗಿರದಿದ್ದ ಆ ದಿನಗಳಲ್ಲಿ, 6ರಿಂದ 9 ವರ್ಷದವರಲ್ಲಿ ಶೇಕಡಾ 57.2ರಷ್ಟು, 10ರಿಂದ 17 ವರ್ಷದವರಲ್ಲಿ ಶೇಕಡಾ 61.6ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡುಬಂದವು. ಅರ್ಧಕ್ಕೂ ಮಿಕ್ಕ ಮಕ್ಕಳನ್ನು ಸೋಂಕು ಮುಟ್ಟಿಹೋಗಿತ್ತು. ಮನೆಯವರಿಗೆ ಅದು ನೆಗಡಿಯೆಂದೋ ಬಿಸಿಲಿನ ಜ್ವರವೆಂದೋ ತೋರಿ ಮರೆತುಹೋಗಿರಬೇಕು.

ಮರೆತುದು ಮರಳಿ ಬಂದ ಪ್ರಸಂಗಗಳೂ ಉಂಟು. ಇಟಲಿಯ ಬೆರ್ಗಾಮೊ ಪ್ರಾಂತ್ಯದ ವೈದ್ಯರು, ಹಿಂದಿನ ಐದು ವರ್ಷಗಳಲ್ಲಿ ಒಟ್ಟು 19 ಮಕ್ಕಳಲ್ಲಿ ಕಂಡಿದ್ದ ಕಾವಾಸಾಕಿ ವ್ಯಾಧಿಯ ಲಕ್ಷಣಗಳನ್ನು 2020ರ ಫೆಬ್ರವರಿ 18ರಿಂದ ಏಪ್ರಿಲ್ 20ರೊಳಗೆ 10 ಮಕ್ಕಳಲ್ಲಿ ಕಂಡರು. ಅದೇ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ವೈದ್ಯರು ಹತ್ತು ದಿನಗಳ ಅವಧಿಯಲ್ಲಿ ಇಂಥ 8 ಮಕ್ಕಳನ್ನು ಕಂಡರು. ಬಿಡದ ಜ್ವರ, ಕೆಂಪಡರಿದ ಕಣ್ಣು, ಮೈಮೇಲೆ ದದ್ದು, ಹೊಟ್ಟೆನೋವು, ಕುಸಿಯುವ ರಕ್ತದೊತ್ತಡ: ಸೋಂಕು ತಗುಲಿ ಸಾಮಾನ್ಯವಾಗಿ ಎರಡರಿಂದ ಆರು ವಾರಗಳ ತರುವಾಯ, ಗಂಟಲಿನಲ್ಲಿ ವೈರಾಣುವಿನ ಸುಳಿವೂ ಅನೇಕರಲ್ಲಿ ಇಲ್ಲದಿರುವಾಗ, ದೇಹದ ರಕ್ಷಣಾವ್ಯವಸ್ಥೆಯೇ ಕೆರಳಿ ಹೃದಯವನ್ನೂ ರಕ್ತನಾಳಗಳನ್ನೂ ಬಾಧಿಸುವ ಈ ಬಹ್ವಂಗ ಉರಿಯೂತವು ವಿರಳವಾದುದಾದರೂ ಪ್ರಾಣಾಂತಿಕವಾಗಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮೇ 15ರಂದು ಪ್ರಕಟಿಸಿದ ಈ ಉರಿಯೂತದ ನಿರೂಪಣೆಯಲ್ಲಿ ಪ್ರಯೋಗಶಾಲೆಯ ಪ್ರಮಾಣವಿಲ್ಲದಿದ್ದರೂ ಸೋಂಕಿತರ ಸಂಪರ್ಕವಿದ್ದಿರುವ ಸಂಭವವನ್ನು ಆಧಾರವಾಗಿ ಅಂಗೀಕರಿಸಿರುವುದು ನಮ್ಮ ಪ್ರತಿಪಾದನೆಗೆ ಪೋಷಕವಾಗಿದೆ. ಹೋದ ತಿಂಗಳು ಮನೆಯಲ್ಲಿ ಯಾರಿಗೆ ಜ್ವರ ಬಂದಿತ್ತೆಂದು ವಿಚಾರಿಸುವ ವೈದ್ಯನು ರೋಗನಿದಾನವನ್ನು ಅರ್ಧ ಮಾಡಿದಂತೆಯೇ.

ಮನೆಯವರಿಂದ ಮಗುವಿಗೆ ಸೋಂಕು ದಾಟೀತೆಂಬ ಭಯದಿಂದ, ಸೋಂಕಿತ ತಾಯಿಯಿಂದ ಶಿಶುವನ್ನು ಅಗಲಿಸುವ ಕ್ರಮವು ಚೀನಾದಲ್ಲಿ ಮೊದಲಿಗೆ ಆಚರಣೆಗೆ ಬಂದಿತ್ತು. ಮಾಸ್ಕ್ ಧರಿಸಿ, ಕೈ ತೊಳೆದು ಹಾಲೂಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟಪಡಿಸಿದ ಮೇಲೆ ಆ ಕ್ರಮವನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಮುಗಿಯಿತು.

ಮುಗಿಯದೆ ಉಳಿದಿರುವುದು ಪೋಷಕರ ಮರಣದ ಲೆಕ್ಕ. 2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗೆ ಜಗತ್ತಿನಲ್ಲಿ ಸುಮಾರು 11,34,000 ಮಕ್ಕಳು ತಂದೆ, ತಾಯಿ ಅಥವಾ ತಮ್ಮನ್ನು ಸಾಕುವ ಹೊಣೆ ಹೊತ್ತಿದ್ದ ಅಜ್ಜ ಅಜ್ಜಿಯರನ್ನು ಕಳೆದುಕೊಂಡರೆಂದು ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು. ಮನೆಯಲ್ಲಿ ಜೊತೆಗಿದ್ದ ಇತರ ಹಿರಿಯರನ್ನೂ ಗಣಿಸಿದಲ್ಲಿ ಆ ಸಂಖ್ಯೆ 15,62,000ಕ್ಕೆ ಏರುತ್ತದೆ. ಕರ್ನಾಟಕ ಸರ್ಕಾರವು 2021ರ ಮೇ ತಿಂಗಳಲ್ಲಿ ಘೋಷಿಸಿದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯು ತಬ್ಬಲಿಗಳಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಗಳನ್ನೂ, ಕೇಂದ್ರದ ಯೋಜನೆಯು 23ನೆಯ ವಯಸ್ಸಿಗೆ 10 ಲಕ್ಷ ರೂಪಾಯಿಗಳನ್ನೂ ನಿಗದಿಪಡಿಸಿದುವು. ಇವು ಶ್ಲಾಘ್ಯವಾದ ಕ್ರಮಗಳೇ. ಆದರೆ ಇವುಗಳಿಗೆ ಅಳತೆಗೋಲಾದುದು ತಂದೆತಾಯಿಗಳ ಅಥವಾ ಕಾನೂನು ಒಪ್ಪುವ ಪಾಲಕರ ಮರಣ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಮೇಲೆ ಮಗುವಿಗೆ ಉಣಿಸಿ, ಜಡೆ ಹೆಣೆದು ಶಾಲೆಗೆ ಕಳುಹುತ್ತಿದ್ದ ಅಜ್ಜಿಯು ತೀರಿಕೊಂಡಾಗ ಆ ಮನೆಯಲ್ಲಿ ಏನು ಬದಲಾಯಿತು, ತಾಯಿ ಕೆಲಸ ಬಿಟ್ಟಳೋ, ಹಿರಿಯ ಮಗಳು ಶಾಲೆ ಬಿಟ್ಟಳೋ ಎಂಬುದನ್ನು ಈ ಅಳತೆಯಿಂದ ತಿಳಿಯಲಾಗದು. ಅಂಗನವಾಡಿ ಕಾರ್ಯಕರ್ತೆಯರ ಕುಟುಂಬ ಸಮೀಕ್ಷಾ ವಹಿಗಳಲ್ಲಿ ಮನೆಯ ಸದಸ್ಯರೆಲ್ಲರ ಹೆಸರೂ ವಯಸ್ಸೂ ನಮೂದಾಗಿರುತ್ತವಾದ್ದರಿಂದ, 2020ಕ್ಕೆ ಮುಂಚಿನ ವಹಿಯನ್ನು 2022ರದರೊಡನೆ ಮನೆಮನೆಯಾಗಿ ತಾಳೆನೋಡಿ, ಬಳಿಕ ಆ ಮನೆಗಳ ಮಕ್ಕಳ ಶಾಲಾ ಹಾಜರಿಯನ್ನು ಅದಕ್ಕೆ ಜೋಡಿಸುವ ಕೆಲಸವನ್ನು ಒಂದು ತಾಲ್ಲೂಕಿನ ಮಟ್ಟಿಗಾದರೂ ಕೈಗೊಳ್ಳುವುದು ನಮ್ಮ ವಿಶ್ವವಿದ್ಯಾನಿಲಯಗಳಿಗೆ ಅಸಾಧ್ಯವೇನಲ್ಲ.