ಕ್ರೂಸ್ ಹಡಗಿನಲ್ಲಿ ದುಡ್ಡು ಕೊಟ್ಟು ಸರ್ಫಿಂಗ್ ಪಾಠ: ನಾವು ಕೊಳ್ಳುತ್ತಿರುವುದು ಏನನ್ನು?

ರಾಯಲ್ ಕೆರಿಬಿಯನ್ ಕಂಪನಿಯ ಹಲವು ದೊಡ್ಡ ಹಡಗುಗಳಲ್ಲಿ, ಮೇಲಂತಸ್ತಿನ ಹಿಂಭಾಗಕ್ಕೆ ಹೋದರೆ ಇಳಿಜಾರಾದ ಒಂದು ಹಾಸು ಕಾಣುತ್ತದೆ. ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ನೀರು ರಭಸವಾಗಿ ನುಗ್ಗುತ್ತಿರುತ್ತದೆ. ಯಾರೋ ಒಬ್ಬರು ಹಲಗೆಯ ಮೇಲೆ ನಿಲ್ಲಲು ಹೋಗಿ, ಹತ್ತು ಸೆಕೆಂಡು ತುಂಬುವ ಮೊದಲೇ ಬಿದ್ದು ಹಿಂದಕ್ಕೆ ಕೊಚ್ಚಿಹೋಗುತ್ತಾರೆ. ಪಕ್ಕದಲ್ಲಿ ಕೂತವರು ನಗುತ್ತಾ ಚಪ್ಪಾಳೆ ತಟ್ಟುತ್ತಾರೆ. ಇದರ ಹೆಸರು ಫ್ಲೋರೈಡರ್. ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಮೂರು ನಾಲ್ಕು ರಾತ್ರಿಯ ಕ್ರೂಸ್ ಹೋಗುವ ಬೆಂಗಳೂರಿನ ಕುಟುಂಬಗಳಿಗೆ ಇದು ಈಗ ಪರಿಚಿತ ದೃಶ್ಯ.

ನಿಗದಿತ ಸಮಯದಲ್ಲಿ ಇದರಲ್ಲಿ ಆಡುವುದಕ್ಕೆ ಬೇರೆ ಹಣ ಕೊಡಬೇಕಿಲ್ಲ, ಟಿಕೆಟ್‌ನಲ್ಲೇ ಸೇರಿರುತ್ತದೆ. ಆದರೆ ಇದೇ ಅಲೆಯ ಮೇಲೆ ಒಂದು ಗಂಟೆಯ ಪಾಠವನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಬೆಲೆ ಹಡಗಿನಿಂದ ಹಡಗಿಗೆ, ಪ್ರವಾಸದಿಂದ ಪ್ರವಾಸಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಒಬ್ಬರಿಗೆ 70 ಡಾಲರ್, ಅಂದರೆ ಸುಮಾರು ಆರು ಸಾವಿರ ರೂಪಾಯಿ ಎಂದು ಹಿಡಿಯೋಣ. ಪುಕ್ಕಟೆ ಸಿಗುವ ಅಲೆಗೆ ಆರು ಸಾವಿರ ಏಕೆ ಕೊಡಬೇಕು?

ಕೆಲವರಿಗೆ ಅದು ಸಾರ್ಥಕ, ಬಹಳ ಜನರಿಗೆ ಅಲ್ಲ. ಆದರೆ ಯಾರಿಗೆ ಎನ್ನುವುದನ್ನು ನಿರ್ಧರಿಸುವುದು ತರಬೇತುದಾರರು ಎಷ್ಟು ಚೆನ್ನಾಗಿ ಹೇಳಿಕೊಡುತ್ತಾರೆ ಎನ್ನುವುದಕ್ಕಿಂತ ಹೆಚ್ಚಾಗಿ ನಿಮಗೆ ಎಷ್ಟು ಸರದಿ ಸಿಗುತ್ತದೆ ಎನ್ನುವುದು.

ಇದು ಅಲೆಯೇ ಅಲ್ಲ

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಸಮುದ್ರದಲ್ಲಿ ಅಲೆ ಮುಂದಕ್ಕೆ ಸಾಗುತ್ತದೆ, ಆದರೆ ನೀರು ಅದರ ಜೊತೆ ಅಷ್ಟಾಗಿ ಸಾಗುವುದಿಲ್ಲ. ಆಳದ ನೀರಿನಲ್ಲಿ ಅದು ಬಹುಮಟ್ಟಿಗೆ ಇದ್ದಲ್ಲೇ ಸುತ್ತುತ್ತದೆ. ಸರ್ಫ್ ಮಾಡುವವರು ಹೀಗೆ ಸಾಗುವ ಅಲೆಯ ಇಳಿಜಾರಿನಲ್ಲಿ ಜಾರುತ್ತಾ ದಡದ ಕಡೆಗೆ ಬರುತ್ತಾರೆ.

ಫ್ಲೋರೈಡರ್‌ನಲ್ಲಿ ಎಲ್ಲವೂ ಉಲ್ಟಾ. ಇಳಿಜಾರು ಕದಲುವುದಿಲ್ಲ, ನೀರು ಓಡುತ್ತದೆ. ಪಂಪುಗಳು ನಿಮಿಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಮೆತ್ತನೆಯ ಹಾಸಿನ ಮೇಲೆ ಹಾಯಿಸುತ್ತವೆ. ನೀರಿನ ಪದರ ಏಳೆಂಟು ಸೆಂಟಿಮೀಟರ್‌ನಷ್ಟೇ ದಪ್ಪ. ಮೇಲಕ್ಕೆ ನುಗ್ಗುವ ನೀರು ಹಲಗೆಯನ್ನು ಹಿಂದಕ್ಕೆ ತಳ್ಳುತ್ತದೆ, ಗುರುತ್ವಾಕರ್ಷಣೆ ಅದನ್ನು ಕೆಳಕ್ಕೆ ಎಳೆಯುತ್ತದೆ. ಇವೆರಡೂ ಸರಿದೂಗಿದಾಗ ನೀವು ಇದ್ದಲ್ಲೇ ತೇಲುತ್ತೀರಿ. ರಸ್ತೆಯಲ್ಲಿ ಓಡುವುದಕ್ಕೂ ಟ್ರೆಡ್‌ಮಿಲ್ ಮೇಲೆ ಓಡುವುದಕ್ಕೂ ಇರುವ ಸಂಬಂಧವೇ ಇಲ್ಲೂ ಇದೆ ಎನ್ನಬಹುದು. ಆದರೆ ವ್ಯತ್ಯಾಸ ಅದಕ್ಕಿಂತ ಸ್ವಲ್ಪ ದೊಡ್ಡದು, ಅದನ್ನು ಮುಂದೆ ನೋಡೋಣ.

ಈ ತಂತ್ರವನ್ನು ರೂಪಿಸಿದವರು ಕ್ಯಾಲಿಫೋರ್ನಿಯಾದ ಟಾಮ್ ಲಾಕ್ಟೆಫೆಲ್ಡ್. 1991ರಲ್ಲಿ ಟೆಕ್ಸಸ್‌ನ ಶ್ಲಿಟ್ಟರ್‌ಬಾನ್ ವಾಟರ್ ಪಾರ್ಕಿನಲ್ಲಿ ಇದು ಮೊದಲು ಸಾರ್ವಜನಿಕರಿಗೆ ಸಿಕ್ಕಿತು. ಹಡಗಿಗೆ ಬಂದದ್ದು 2006ರಲ್ಲಿ, ಫ್ರೀಡಂ ಆಫ್ ದಿ ಸೀಸ್ ಮೂಲಕ.

ಸರದಿಯ ಲೆಕ್ಕ

ಸಮತೋಲನದ ಯಾವ ವಿದ್ಯೆಯೂ ಬರುವುದು ಮಾಡಿ ಮಾಡಿಯೇ. ಸೈಕಲ್ ನೆನಪಿಸಿಕೊಳ್ಳಿ. ಅಪ್ಪ ಹಿಂದಿನಿಂದ ಸೀಟು ಹಿಡಿದು ಓಡುತ್ತಾ ಎಷ್ಟೇ ಉಪದೇಶ ಕೊಟ್ಟರೂ, ಬಿದ್ದು ಎದ್ದು ನೂರು ಸಲ ತುಳಿದಾಗಲೇ ಅದು ಬಂದದ್ದು. ಫ್ಲೋರೈಡರ್‌ನ ತೊಂದರೆ ಏನೆಂದರೆ, ಇಲ್ಲಿ ಒಂದು ಯತ್ನಕ್ಕೂ ಮುಂದಿನ ಯತ್ನಕ್ಕೂ ನಡುವೆ ಸಾಲು ಇರುತ್ತದೆ.

ಒಂದು ಅಂದಾಜು ಮಾಡೋಣ. ಉಚಿತ ಸಮಯದಲ್ಲಿ 20 ಜನ ಸಾಲಿನಲ್ಲಿದ್ದಾರೆ. ಹಲಗೆ ತೆಗೆದುಕೊಂಡು, ನೀರಿಗೆ ಇಳಿದು, ಬಿದ್ದು, ಎದ್ದು ಹೊರಗೆ ಬರಲು ಒಬ್ಬರಿಗೆ ಒಂದು ನಿಮಿಷ. ಹಾಗಾದರೆ ಗಂಟೆಗೆ ನಿಮಗೆ ಮೂರು ಸರದಿ. ಹೊಸಬರು ಪ್ರತಿ ಸಲ ಹತ್ತು ಸೆಕೆಂಡು ನಿಂತರು ಅಂದುಕೊಂಡರೂ, ಒಂದು ಗಂಟೆ ಕಾದದ್ದಕ್ಕೆ ಹಲಗೆಯ ಮೇಲೆ ಕಳೆದದ್ದು ಅರ್ಧ ನಿಮಿಷ.

ಈಗ ಪಾಠ. ಮೊದಲ 12 ನಿಮಿಷ ವಿವರಣೆಗೆ ಹೋಯಿತು, ಉಳಿದದ್ದು 48 ನಿಮಿಷ. ಎಂಟು ಜನರಿದ್ದರೆ ತಲಾ ಆರು ಸರದಿ. ಪುಕ್ಕಟೆ ಸಿಗುತ್ತಿದ್ದ ಮೂರನ್ನು ಕಳೆದರೆ, ಆರು ಸಾವಿರಕ್ಕೆ ಸಿಕ್ಕಿದ್ದು ಮೂರು ಹೆಚ್ಚುವರಿ ಸರದಿ. ಒಂದಕ್ಕೆ ಎರಡು ಸಾವಿರ ರೂಪಾಯಿ! ಅದೇ ಪಾಠದಲ್ಲಿ ನಾಲ್ಕೇ ಜನರಿದ್ದರೆ ತಲಾ ಹನ್ನೆರಡು ಸರದಿ. ಹೆಚ್ಚುವರಿ ಸರದಿ ಒಂಬತ್ತಾಗುತ್ತದೆ, ಒಂದರ ಬೆಲೆ ಏಳುನೂರು ರೂಪಾಯಿಯ ಒಳಗೆ ಇಳಿಯುತ್ತದೆ.

ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ತಿರುಗಿಸಿ ನೋಡಬೇಕು. ಹಡಗು ಬಂದರಿನಲ್ಲಿ ನಿಂತಿದೆ, ಹೆಚ್ಚಿನ ಪ್ರಯಾಣಿಕರು ಊರು ನೋಡಲು ಇಳಿದು ಹೋಗಿದ್ದಾರೆ, ಫ್ಲೋರೈಡರ್ ತೆರೆದಿದೆ, ಸಾಲಿನಲ್ಲಿರುವವರು ಐದೇ ಜನ ಎಂದುಕೊಳ್ಳಿ. ಆಗ ಒಂದು ಗಂಟೆಯಲ್ಲಿ ಪುಕ್ಕಟೆಯಾಗಿಯೇ ಹನ್ನೆರಡು ಸರದಿ ಸಿಗುತ್ತದೆ, ನಾಲ್ಕು ಜನರ ಪಾಠದಷ್ಟೇ. ಪೆನಾಂಗ್ ಈ ಮೊದಲೇ ನೋಡಿದ್ದೀರಾದರೆ ಆ ಬೆಳಗ್ಗೆ ಹಡಗಿನಲ್ಲೇ ಉಳಿಯುವುದು ಪಾಠಕ್ಕಿಂತ ಒಳ್ಳೆಯ ವ್ಯಾಪಾರ.

ಆದ್ದರಿಂದ ಬುಕ್ ಮಾಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ‘ಯಾರು ಕಲಿಸುತ್ತಾರೆ’ ಎನ್ನುವುದಲ್ಲ, ‘ಒಂದು ಪಾಠಕ್ಕೆ ಗರಿಷ್ಠ ಎಷ್ಟು ಜನ’ ಎನ್ನುವುದು. ಜಾಹೀರಾತಿನ ಚಿತ್ರದಲ್ಲಿ ಯಾವಾಗಲೂ ಒಬ್ಬರೇ ಇರುತ್ತಾರೆ, ಅದನ್ನು ನಂಬಬೇಡಿ.

ಹಾಗಾದರೆ ಹೇಳಿಕೊಡುವುದಕ್ಕೆ ಬೆಲೆಯೇ ಇಲ್ಲವೇ?

ಇದೆ, ಆದರೆ ನಾವು ಅಂದುಕೊಂಡ ಜಾಗದಲ್ಲಿ ಅಲ್ಲ. 1998ರಲ್ಲಿ ಗ್ಯಾಬ್ರಿಯೆಲೆ ವುಲ್ಫ್, ಮಾರ್ಕುಸ್ ಹೋಸ್ ಮತ್ತು ವೋಲ್ಫ್‌ಗಾಂಗ್ ಪ್ರಿನ್ಸ್ ಒಂದು ಸಂಶೋಧನೆ ಪ್ರಕಟಿಸಿದರು. ಅವರು ಬಳಸಿದ್ದೂ ಒಂದು ಸಿಮ್ಯುಲೇಟರೇ, ಆದರೆ ಸ್ಕೀಯಿಂಗ್‌ನದು. ಬಾಗಿದ ಹಳಿಗಳ ಮೇಲೆ ಚಕ್ರದ ವೇದಿಕೆ, ಅದರ ಮೇಲೆ ನಿಂತು ಎಡಕ್ಕೆ ಬಲಕ್ಕೆ ಜೀಕಬೇಕು. ಒಂದು ಗುಂಪಿಗೆ ತಮ್ಮ ಕಾಲಿನ ಮೇಲೆ ಗಮನ ಇಡಲು ಹೇಳಿದರು. ಇನ್ನೊಂದು ಗುಂಪಿಗೆ ಕಾಲಿನ ಕೆಳಗಿದ್ದ ಚಕ್ರಗಳ ಮೇಲೆ ಗಮನ ಇಡಲು ಹೇಳಿದರು. ಮೂರನೆಯ ಗುಂಪಿಗೆ ಅಂಥ ಯಾವ ಸೂಚನೆಯೂ ಇಲ್ಲ. ಚೆನ್ನಾಗಿ ಕಲಿತದ್ದು ಚಕ್ರಗಳನ್ನು ಗಮನಿಸಿದವರು. ಕಾಲನ್ನು ಗಮನಿಸಿದವರು ಸೂಚನೆಯೇ ಇಲ್ಲದವರಿಗಿಂತ ಮುಂದೆ ಹೋಗಲಿಲ್ಲ. ಕಾಲಿನ ಅಡಿಯಲ್ಲೇ ಚಕ್ರ ಇದ್ದರೂ ಇಷ್ಟು ವ್ಯತ್ಯಾಸ! ನಮ್ಮ ದೇಹದ ಭಾಗಗಳ ಮೇಲೆ ಗಮನ ಇಟ್ಟರೆ ತಾನಾಗಿ ನಡೆಯಬೇಕಾದ ಚಲನೆಗೆ ಅಡ್ಡಿಯಾಗುತ್ತದೆ ಎಂಬುದು ವುಲ್ಫ್ ಅವರ ವಿವರಣೆ.

ಫ್ಲೋರೈಡರ್‌ನಲ್ಲೂ ಹೊಸಬರು ಮಾಡುವ ಮೊದಲ ತಪ್ಪು ಕಾಲಿನ ಕಡೆ ನೋಡುವುದು. ತಲೆ ಬಗ್ಗಿದರೆ ಭಾರ ಮುಂದಕ್ಕೆ ಹೋಗುತ್ತದೆ, ಹಲಗೆಯ ಮೂತಿ ನೀರಿಗೆ ಸಿಕ್ಕಿಕೊಳ್ಳುತ್ತದೆ, ಮುಂದಿನದು ನಿಮಗೆ ಗೊತ್ತು. ಹೆಚ್ಚಿನ ಭಾರ ಹಿಂದಿನ ಕಾಲಿನ ಮೇಲಿರಬೇಕು, ಮಂಡಿ ಸ್ವಲ್ಪ ಬಾಗಿರಬೇಕು, ಕಣ್ಣು ಎದುರಿಗೆ ನೀರು ಚಿಮ್ಮುವ ಕಡೆಗಿರಬೇಕು. ಹೊಸಬರಿಗೆ ಬೇಕಾದ ಪಾಠದ ಬಹುಪಾಲು ಇಷ್ಟೇ. ಇದನ್ನು ಉಚಿತ ಸಮಯದಲ್ಲೂ ಸಿಬ್ಬಂದಿ ಹೇಳುತ್ತಾರೆ, ಮೊದಲ ಸಲ ನಿಲ್ಲುವವರ ಕೈಯನ್ನೂ ಹಿಡಿದುಕೊಳ್ಳುತ್ತಾರೆ.

ಪಾಠದಲ್ಲಿ ಹೆಚ್ಚಾಗಿ ಸಿಗುವುದು ಬಿದ್ದ ಕೂಡಲೇ ಏಕೆ ಬಿದ್ದಿರಿ ಎಂದು ಹೇಳುವ ಒಬ್ಬರು, ಮತ್ತು ಅದನ್ನು ಮರೆಯುವ ಮೊದಲೇ ಇನ್ನೊಂದು ಯತ್ನ. ಆದರೆ ಎಚ್ಚರ. ತರಬೇತುದಾರರು ಕೈಯನ್ನೋ ಹಗ್ಗವನ್ನೋ ಹಿಡಿದಿರುವಾಗ ನೀವು ಅರ್ಧ ನಿಮಿಷ ನಿಂತಿರಿ ಎಂದರೆ ಕಲಿತಿರಿ ಎಂದಲ್ಲ. ನೆರವು ಇರುವಾಗಿನ ಪ್ರದರ್ಶನವೇ ಬೇರೆ, ನೆರವು ತೆಗೆದ ಮೇಲೆ ಉಳಿಯುವ ಕಲಿಕೆಯೇ ಬೇರೆ. ಪಾಠದ ಕೊನೆಗೆ ತೆಗೆದ ವಿಡಿಯೋದಲ್ಲಿ ತರಬೇತುದಾರರ ಕೈ ಎಲ್ಲಿದೆ ಎಂದು ನೋಡಿದರೆ ಸಾಕು.

ಇದರಿಂದಲೇ ಪಾಠ ಯಾವ ದಿನ ಎನ್ನುವುದೂ ಮುಖ್ಯವಾಗುತ್ತದೆ. ದೇಹ ಕಲಿತದ್ದು ಗಟ್ಟಿಯಾಗಲು ವಿರಾಮ ಬೇಕು, ನಿದ್ದೆ ಬೇಕು, ಮರುದಿನ ಮತ್ತೆ ಮಾಡಬೇಕು. ಮೊದಲ ಅಥವಾ ಎರಡನೆಯ ದಿನ ಪಾಠ ತೆಗೆದುಕೊಂಡರೆ, ಆಮೇಲಿನ ಉಚಿತ ಸರದಿಗಳೆಲ್ಲ ಅದರ ಮುಂದುವರಿಕೆಯಾಗುತ್ತವೆ. ಕೊನೆಯ ದಿನ ತೆಗೆದುಕೊಂಡರೆ ಆರು ಸಾವಿರದ ಕಲಿಕೆ ಸಿಂಗಪುರದ ಇಮಿಗ್ರೇಷನ್ ಸಾಲಿನಲ್ಲೇ ಕರಗಿಹೋಗುತ್ತದೆ.

ಇನ್ನೊಂದು ಕಾರಣಕ್ಕೂ ಪಾಠ ಸಾರ್ಥಕವಾಗಬಹುದು, ಅದನ್ನು ಹೇಳಲು ಜನ ಹಿಂಜರಿಯುತ್ತಾರೆ: ಸಂಕೋಚ. ನೂರು ಜನ ನೋಡುತ್ತಿರುವಾಗ ಒದ್ದೆ ಬಟ್ಟೆಯಲ್ಲಿ ಬೀಳಲು ನಲವತ್ತು ದಾಟಿದ ಅನೇಕರಿಗೆ ಮನಸ್ಸಾಗುವುದಿಲ್ಲ. ಪಾಠದಲ್ಲಿ ಜೊತೆಗಿರುವವರೆಲ್ಲ ಹೊಸಬರೇ, ಅದೂ ಸಾರ್ವಜನಿಕರಿಗೆ ತೆರೆಯುವ ಮೊದಲಿನ ಹೊತ್ತಾಗಿದ್ದರೆ ನೋಡುವವರೂ ಕಡಿಮೆ. ಆ ನೆಮ್ಮದಿಗೆ ಹಣ ಕೊಡುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಇಲ್ಲಿ ಕಲಿತರೆ ಸಮುದ್ರದಲ್ಲಿ ಸರ್ಫ್ ಮಾಡಬಹುದೇ?

ಇಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ಹಬ್ಬಿರುವ ತಪ್ಪು ಕಲ್ಪನೆ ಇದೇ.

ಸಮುದ್ರದಲ್ಲಿ ಸರ್ಫಿಂಗ್‌ನ ಬಹುಪಾಲು ನಿಲ್ಲುವುದಲ್ಲ. ಹಲಗೆಯ ಮೇಲೆ ಮಲಗಿ ಕೈಯಿಂದ ನೀರು ಹಿಂದೆ ತಳ್ಳುತ್ತಾ ಒಳಗೆ ಹೋಗಬೇಕು, ಯಾವ ಅಲೆ ಒಡೆಯುತ್ತದೆ ಎಂದು ಗುರುತಿಸಬೇಕು, ಸರಿಯಾದ ಕ್ಷಣದಲ್ಲಿ ವೇಗ ಹಿಡಿದು, ಮಲಗಿದಲ್ಲಿಂದ ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಫ್ಲೋರೈಡರ್‌ನಲ್ಲಿ ಇವು ಯಾವುವೂ ಇಲ್ಲ. ನಿಂತ ಮೇಲಿನ ಅಭ್ಯಾಸವೂ ಬೇರೆಯೇ. ಇಲ್ಲಿನ ಹಲಗೆ ಚಿಕ್ಕದು, ಕೆಳಗೆ ರೆಕ್ಕೆ ಇರುವುದಿಲ್ಲ, ಭಾರ ಹಿಂದಿನ ಕಾಲಿನ ಮೇಲೆ. ಸಮುದ್ರದಲ್ಲಿ ಅಲೆ ಹಿಡಿಯುವಾಗ ಭಾರ ಹಿಂದಕ್ಕೆ ಹೋದರೆ ಹಲಗೆ ನಿಂತುಬಿಡುತ್ತದೆ, ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ವರ್ಷಗಳಿಂದ ಸಮುದ್ರದಲ್ಲಿ ಸರ್ಫ್ ಮಾಡುವವರೂ ಮೊದಲ ಸಲ ಫ್ಲೋರೈಡರ್ ಏರಿದಾಗ ಬೀಳಬಹುದು. ಸ್ನೋಬೋರ್ಡ್, ವೇಕ್‌ಬೋರ್ಡ್ ಬಲ್ಲವರಿಗೆ ಇದು ಹೆಚ್ಚು ಪರಿಚಿತ ಅನ್ನಿಸುತ್ತದೆ.

ಇದು ಬರೀ ತಾಂತ್ರಿಕ ವಿಚಾರವಲ್ಲ. ಮೊಣಕಾಲು ಮುಳುಗದ ನೀರಿನಲ್ಲಿ ನಿಂತು ಬಂದ ಧೈರ್ಯವನ್ನು ನಂಬಿ, ಈಜು ಬಾರದೆ ಸಮುದ್ರಕ್ಕೆ ಹಲಗೆ ಒಯ್ದರೆ ಜೀವಕ್ಕೆ ಅಪಾಯ. ದಡದಿಂದ ಒಳಗೆ ಎಳೆದೊಯ್ಯುವ ಸೆಳೆತ ಹಡಗಿನ ಯಂತ್ರದಲ್ಲಿಲ್ಲ, ಅರಬ್ಬಿ ಸಮುದ್ರದಲ್ಲಿ ಇದೆ. ನಿಜವಾದ ಸರ್ಫಿಂಗ್ ಕಲಿಯುವ ಆಸೆಯಿದ್ದರೆ ಕರ್ನಾಟಕದವರು ದೂರ ಹೋಗಬೇಕಿಲ್ಲ. ದಕ್ಷಿಣ ಕನ್ನಡದ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಬಹಳ ವರ್ಷಗಳಿಂದ ಹೇಳಿಕೊಡುತ್ತಿದೆ. ಪಕ್ಕದ ಸಸಿಹಿತ್ಲುವಿನ ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯೂ ನಡೆದಿತ್ತು. ಹಡಗಿನ ಪಾಠಕ್ಕೆ ಎತ್ತಿಟ್ಟ ಹಣವನ್ನು ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಒಯ್ಯುವುದು ಉತ್ತಮ.

ಬುಕ್ ಮಾಡುವ ಮುನ್ನ

ನಿಂತು ಆಡಲು ರಾಯಲ್ ಕೆರಿಬಿಯನ್‌ನಲ್ಲಿ ಕನಿಷ್ಠ 58 ಇಂಚು, ಅಂದರೆ ಸುಮಾರು 147 ಸೆಂ.ಮೀ. ಎತ್ತರ ಬೇಕು. ಮಲಗಿ ಅಥವಾ ಮಂಡಿಯೂರಿ ಆಡುವ ಬೂಗಿ ಬೋರ್ಡ್‌ಗೆ 52 ಇಂಚು, ಸುಮಾರು 132 ಸೆಂ.ಮೀ. ಮಗುವಿನ ಎತ್ತರವನ್ನು ಮನೆಯಲ್ಲೇ, ಚಪ್ಪಲಿಯಿಲ್ಲದೆ ಅಳೆಯಿರಿ. ಬೂಗಿ ಬೋರ್ಡ್ ಮಾತ್ರ ಆಡುವವರಿಗೆ ಪಾಠ ಬೇಕಿಲ್ಲ, ಎರಡು ಮೂರು ಸರದಿಯಲ್ಲಿ ಅದು ಬಂದುಬಿಡುತ್ತದೆ. ‘ಒಂದು ಸಲ ನೋಡೋಣ’ ಎನ್ನುವವರಿಗೂ ಬೇಡ.

ಹಾಸು ಮೆತ್ತಗಿದೆ, ಕೆಳಗೆ ನೀರಿದೆ, ಪೆಟ್ಟಾಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ನೀರು ತೆಳ್ಳಗಿರುವುದರಿಂದ ನೀವು ಬೀಳುವುದು ನೀರಿಗಲ್ಲ, ಹಾಸಿಗೆ. ಆಮೇಲೆ ರಭಸ ನಿಮ್ಮನ್ನು ಉರುಳಿಸಿಕೊಂಡು ಹೋಗುತ್ತದೆ. ಪಾದದ ಕೀಲು ಉಳುಕುವುದು, ಭುಜದ ಕೀಲು ತಪ್ಪುವುದು, ಮಣಿಕಟ್ಟಿನ ಮೂಳೆ ಮುರಿಯುವುದು ಇಂಥ ಬೀಳುವಿಕೆಯಿಂದ ಆಗಬಹುದು. ಕೈ ಚಾಚಿ ನೆಲ ಹಿಡಿಯಲು ಹೋಗದೆ, ಕೈಗಳನ್ನು ಮೈಗೆ ಒತ್ತಿಕೊಂಡು ಹಿಂದಕ್ಕೆ ಕೂತಂತೆ ಬೀಳುವುದು ವಾಸಿ. ಗರ್ಭಿಣಿಯರು, ಬೆನ್ನು, ಕುತ್ತಿಗೆ ಅಥವಾ ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ದೂರ ಇರಬೇಕು. ಆಡುವ ಮುನ್ನ ಅಪಾಯ ಒಪ್ಪಿಕೊಂಡು ಸಹಿ ಹಾಕಬೇಕಾಗುತ್ತದೆ. ಹಡಗಿನ ಆಸ್ಪತ್ರೆಯ ಬಿಲ್ಲು ನಿಮ್ಮದೇ, ಅದು ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ನಿಮ್ಮ ಪ್ರಯಾಣ ವಿಮೆ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದೆಯೇ ಎಂದು ಪಾಲಿಸಿ ತೆಗೆದು ಓದಿ. ಪಾಠದ ಬೆಲೆಗಿಂತ ಈ ಒಂದು ಸಾಲು ಮುಖ್ಯ.

ಗಾಳಿ ಜೋರಾದರೆ ಫ್ಲೋರೈಡರ್ ಮುಚ್ಚುತ್ತಾರೆ. ಹಾಗಾದಾಗ ಹಣ ವಾಪಸ್ ಬರುತ್ತದೆಯೋ, ಬೇರೆ ದಿನ ಕೊಡುತ್ತಾರೋ ಎಂದು ಮೊದಲೇ ಕೇಳಿಕೊಳ್ಳಿ. ಕನ್ನಡಕ, ಬಳೆ, ಉಂಗುರ, ಕತ್ತಿನ ಸರ ಎಲ್ಲವನ್ನೂ ತೆಗೆದು ಕೋಣೆಯ ಲಾಕರಿನಲ್ಲಿಟ್ಟು ಹೋಗಿ. ಸಡಿಲವಾದ ಈಜುಡುಗೆ ಆ ರಭಸಕ್ಕೆ ನಿಲ್ಲುವುದಿಲ್ಲ. ಮೈಗೆ ಅಂಟುವ ಪೂರ್ತಿ ತೋಳಿನ ಈಜು ಟೀ ಶರ್ಟು, ಲೆಗ್ಗಿಂಗ್ಸ್ ಹಾಕಿಕೊಂಡರೆ ಜಾರುವ ಭಯವಿಲ್ಲ, ಮಂಡಿ ಮೊಣಕೈ ತರಚುವುದೂ ಕಡಿಮೆ.