ಫ್ರೆಡ್ ಷಟಲ್ಸ್‌ವರ್ತ್

ಷಟಲ್ಸ್‌ವರ್ತ್, ಫ್ರೆಡ್ ಲೀ (1922-2011): ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ, ನಾಗರಿಕ ಹಕ್ಕುಗಳ ಹೋರಾಟಗಾರ. ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ವರ್ಣಭೇದ ನೀತಿಯ ವಿರುದ್ಧ ನಡೆದ ಚಳವಳಿಯ ಮುಂದಾಳು. 1963ರ ಬರ್ಮಿಂಗ್‌ಹ್ಯಾಮ್ ಹೋರಾಟವನ್ನು ಜನ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಲ್ಲೇ ನೆನೆಯುತ್ತಾರೆ. ಕಿಂಗ್ ಅಲ್ಲಿಗೆ ಬಂದು ಹೋರಾಟಕ್ಕಿಳಿಯುವ ಹೊತ್ತಿಗೆ ಷಟಲ್ಸ್‌ವರ್ತ್ ಏಳು ವರ್ಷಗಳಿಂದ ಆ ನೆಲವನ್ನು ಹದ ಮಾಡಿದ್ದರು.

ಹುಟ್ಟಿದ್ದು 1922ರ ಮಾರ್ಚ್ 18ರಂದು, ಅಲಬಾಮದ ಮೌಂಟ್ ಮೀಗ್ಸ್‌ನಲ್ಲಿ. ಷಟಲ್ಸ್‌ವರ್ತ್ ಎಂಬುದು ಮಲತಂದೆಯ ಕುಲನಾಮ. ಬಡತನದ ಮನೆ, ಕಳ್ಳಭಟ್ಟಿಯ ಪ್ರಕರಣವೊಂದರಲ್ಲಿ ಹರೆಯದಲ್ಲೇ ಶಿಕ್ಷೆಗೂ ಗುರಿಯಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊಬೀಲ್ ಪಟ್ಟಣದ ವಾಯುನೆಲೆಯಲ್ಲಿ ಟ್ರಕ್ ಓಡಿಸಿದರು. ಬಳಿಕ ಸೆಲ್ಮಾ ವಿಶ್ವವಿದ್ಯಾಲಯದಲ್ಲೂ ಅಲಬಾಮ ಸ್ಟೇಟ್ ಕಾಲೇಜಿನಲ್ಲೂ ಓದಿ, ಸೆಲ್ಮಾದ ಚರ್ಚೊಂದರಲ್ಲಿ ಪಾದ್ರಿಯಾದರು. 1953ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದರು.

1956ರ ಜೂನ್ 1ರಂದು ಅಲಬಾಮದ ನ್ಯಾಯಾಲಯವೊಂದು ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಚಟುವಟಿಕೆಗಳಿಗೆ ತಡೆ ಹಾಕಿತು. ಜೂನ್ 5ರ ಹೊತ್ತಿಗೆ ಷಟಲ್ಸ್‌ವರ್ತ್ 'ಅಲಬಾಮ ಕ್ರಿಶ್ಚಿಯನ್ ಮೂವ್‌ಮೆಂಟ್ ಫಾರ್ ಹ್ಯೂಮನ್ ರೈಟ್ಸ್' ಎಂಬ ಹೊಸ ಸಂಘಟನೆಯನ್ನೇ ಕಟ್ಟಿದರು. ಪ್ರತಿ ಸೋಮವಾರ ಸಂಜೆ ಚರ್ಚುಗಳಲ್ಲಿ ಅದರ ಸಭೆ. ಪ್ರಾರ್ಥನೆ, ಹಾಡು, ವಂತಿಗೆ, ಮುಂದಿನ ಹೋರಾಟದ ತೀರ್ಮಾನ ಎಲ್ಲವೂ ಅಲ್ಲೇ. ಪೊಲೀಸ್ ಪತ್ತೇದಾರರು ಸಭೆಯಲ್ಲೇ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ನಗರದ ಬಸ್ಸುಗಳಲ್ಲಿ ಬಿಳಿಯರಿಗೆ ಮೀಸಲಾದ ಸೀಟುಗಳಲ್ಲಿ ಡಿಸೆಂಬರ್ 26ರಂದು ಕೂರುವುದಾಗಿ ಸಂಘಟನೆ ಘೋಷಿಸಿತು. ಹಿಂದಿನ ರಾತ್ರಿ, ಕ್ರಿಸ್‌ಮಸ್ ದಿನವೇ, ಪಾದ್ರಿಯ ಮನೆಗೆ ಡೈನಮೈಟ್ ಇಟ್ಟರು. ಅವರು ಮಲಗಿದ್ದ ಕೋಣೆಯ ಅಡಿಯಲ್ಲೇ ಸ್ಫೋಟ ಸಂಭವಿಸಿ ಮನೆ ಕುಸಿದರೂ ಅವರಿಗೆ ಗಾಯವಾಗಲಿಲ್ಲ. ಊರು ಬಿಟ್ಟು ಹೋಗುವುದು ಒಳ್ಳೆಯದೆಂದ ಪೊಲೀಸನಿಗೆ, ಓಡಿಹೋಗುವುದನ್ನು ತಮಗೆ ಯಾರೂ ಕಲಿಸಿಲ್ಲವೆಂದು ಉತ್ತರಿಸಿದರು. ಮರುದಿನ ಹೇಳಿದಂತೆಯೇ ಬಸ್ ಹತ್ತಿದರು. ಅವರ ಹಿಂದೆ ಜನವೂ ಹತ್ತಿತು. ದೇವರು ತನ್ನನ್ನು ಈ ಕೆಲಸಕ್ಕಾಗಿಯೇ ಉಳಿಸಿದ್ದಾನೆಂಬ ನಂಬಿಕೆ ಅಂದಿನಿಂದ ಅವರಲ್ಲಿ ಬೇರೂರಿತು. ಅವರ ಮುಂದಿನ ಧೈರ್ಯವೆಲ್ಲ ಆ ನಂಬಿಕೆಯಿಂದ ಬಂದದ್ದು.

1957ರಲ್ಲಿ ಕಿಂಗ್, ರಾಲ್ಫ್ ಅಬರ್ನಾಥಿ ಮೊದಲಾದವರ ಜೊತೆ ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದರು. ಅದೇ ವರ್ಷ ಸೆಪ್ಟೆಂಬರ್ 9ರಂದು, ಬಿಳಿಯ ಮಕ್ಕಳಿಗಷ್ಟೇ ಪ್ರವೇಶವಿದ್ದ ಫಿಲಿಪ್ಸ್ ಹೈಸ್ಕೂಲಿಗೆ ತಮ್ಮ ಹೆಣ್ಣುಮಕ್ಕಳನ್ನು ಸೇರಿಸಲು ಹೊರಟರು. ಸರಪಳಿ, ದೊಣ್ಣೆ ಹಿಡಿದ ಗುಂಪು ಅವರನ್ನು ಶಾಲೆಯ ಮುಂದೆಯೇ ಥಳಿಸಿತು. ಪತ್ನಿ ರೂಬಿಗೆ ಚೂರಿಯಿಂದ ಇರಿದರು. ಇಷ್ಟು ಪೆಟ್ಟು ತಿಂದರೂ ತಲೆಗೆ ಹೆಚ್ಚಿನ ಅಪಾಯವಾಗದ್ದನ್ನು ಕಂಡು ಬೆರಗಾದ ವೈದ್ಯರಿಗೆ, ಗಟ್ಟಿ ಊರಿನಲ್ಲಿ ಬಾಳಬೇಕಾದವನೆಂದು ದೇವರು ಗಟ್ಟಿ ತಲೆಯನ್ನೇ ಕೊಟ್ಟಿದ್ದಾನೆ ಎಂದರು. 1958ರಲ್ಲಿ ಚರ್ಚಿನ ಬಳಿ ಮತ್ತೊಂದು ಬಾಂಬ್ ಸಿಕ್ಕಿತು. ಕಾವಲಿದ್ದ ಸ್ವಯಂಸೇವಕರು ಅದನ್ನು ಬೀದಿಗೆ ಒಯ್ದಿಟ್ಟದ್ದರಿಂದ ಕಟ್ಟಡ ಉಳಿಯಿತು. ಆ ಕೃತ್ಯಕ್ಕಾಗಿ ಜೆ. ಬಿ. ಸ್ಟೋನರ್‌ಗೆ ಶಿಕ್ಷೆಯಾದದ್ದು 1980ರಲ್ಲಿ!

1961ರಲ್ಲಿ ಒಹಾಯೊ ರಾಜ್ಯದ ಸಿನ್ಸಿನಾಟಿಯ ಚರ್ಚೊಂದರ ಹೊಣೆ ಹೊತ್ತು ಅಲ್ಲಿಗೆ ಹೋದರೂ ಬರ್ಮಿಂಗ್‌ಹ್ಯಾಮ್‌ನ ನಾಯಕತ್ವವನ್ನು ಬಿಡಲಿಲ್ಲ. ಅದೇ ವರ್ಷ ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಲು ರಾಜ್ಯದಿಂದ ರಾಜ್ಯಕ್ಕೆ ಪಯಣಿಸುತ್ತ, ಅಲಬಾಮದ ಆ್ಯನಿಸ್ಟನ್‌ನಲ್ಲಿ ದಾಳಿಗೊಳಗಾದ ಫ್ರೀಡಂ ರೈಡರ್‌ಗಳನ್ನು ಕರೆತರಲು ಕಾರುಗಳನ್ನು ಕಳಿಸಿದ್ದು ಅವರೇ. ಕಿಂಗ್ ಬರ್ಮಿಂಗ್‌ಹ್ಯಾಮ್‌ಗೆ ಬರಲೇಬೇಕೆಂದು ಒತ್ತಾಯಿಸಿದವರೂ ಅವರೇ. 1963ರ ಏಪ್ರಿಲ್‌ನಲ್ಲಿ ಚಳವಳಿ ಆರಂಭವಾಯಿತು. ಮೇ ಮೊದಲ ವಾರ ಶಾಲಾ ಮಕ್ಕಳು ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ನಗರದ ಸುರಕ್ಷತಾ ಕಮಿಷನರ್ ಬುಲ್ ಕಾನರ್ ಆ ಮಕ್ಕಳ ಮೇಲೆ ಪೊಲೀಸ್ ನಾಯಿಗಳನ್ನು ಬಿಟ್ಟ, ಅಗ್ನಿಶಾಮಕ ಕೊಳವೆಗಳಿಂದ ನೀರು ಹಾಯಿಸಿದ. ಮೇ 7ರಂದು ಆ ನೀರಿನ ರಭಸಕ್ಕೆ ಚರ್ಚಿನ ಗೋಡೆಗೆ ಅಪ್ಪಳಿಸಿ ಷಟಲ್ಸ್‌ವರ್ತ್ ಆಸ್ಪತ್ರೆ ಸೇರಿದರು. ಅವರಿಲ್ಲದಾಗ, ನಗರದ ವರ್ತಕರೊಡನೆ ಮಾತುಕತೆ ನಡೆದಿರುವಾಗಲೇ, ಪ್ರದರ್ಶನ ನಿಲ್ಲಿಸಲು ಕಿಂಗ್ ಒಪ್ಪಿದರೆಂದು ತಿಳಿದು, ಹಾಸಿಗೆಯಿಂದ ಎದ್ದು ಬಂದು ಜಗಳವಾಡಿದರು. ಈ ಕೋಪವನ್ನು ವೈಯಕ್ತಿಕ ಪ್ರತಿಷ್ಠೆಯ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಹೊರಗಿನ ನಾಯಕರು ಊರಿಗೆ ಮರಳಿದ ಮೇಲೆ ಮಾತು ಮುರಿದ ವರ್ತಕರೊಡನೆ ಏಗಬೇಕಾದವರು ಸ್ಥಳೀಯರು. ಅಂಥ ಮೋಸವನ್ನು ಅವರು ಹಿಂದಿನ ವರ್ಷವಷ್ಟೇ ಕಂಡಿದ್ದರು. ಕೊನೆಗೆ ಮೇ 10ರಂದು ಕಿಂಗ್, ಅಬರ್ನಾಥಿ ಅವರೊಡನೆ ಕುಳಿತು ವರ್ತಕರೊಡನೆ ಆದ ಒಪ್ಪಂದವನ್ನು ಪ್ರಕಟಿಸಿದರು. 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ದಾರಿ ಮಾಡಿದ ಘಟನೆಗಳಲ್ಲಿ ಈ ಹೋರಾಟ ಮುಖ್ಯವಾದುದು.

ಅಮೆರಿಕದ ಸಂವಿಧಾನದ ಚರಿತ್ರೆಯಲ್ಲೂ ಅವರ ಹೆಸರಿದೆ. ಪತ್ರಿಕಾ ಸ್ವಾತಂತ್ರ್ಯದ ಮೈಲಿಗಲ್ಲಾದ 1964ರ ಸಲಿವನ್ ಮೊಕದ್ದಮೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಜೊತೆ ಪ್ರತಿವಾದಿಗಳಾಗಿದ್ದ ನಾಲ್ವರು ಪಾದ್ರಿಗಳಲ್ಲಿ ಅವರೊಬ್ಬರು. 1963ರ ಶುಭ ಶುಕ್ರವಾರ ಪರವಾನಗಿಯಿಲ್ಲದೆ ಮೆರವಣಿಗೆ ನಡೆಸಿದ್ದಕ್ಕೆ ವಿಧಿಸಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1969ರಲ್ಲಿ ರದ್ದು ಮಾಡಿತು. ಮೆರವಣಿಗೆಗೆ ಅನುಮತಿ ಕೊಡುವ, ನಿರಾಕರಿಸುವ ಲಗಾಮಿಲ್ಲದ ಅಧಿಕಾರ ಅಧಿಕಾರಿಗಳಿಗೆ ಇರಕೂಡದೆಂಬುದು ಆ ತೀರ್ಪಿನ ತಿರುಳು.

1966ರಲ್ಲಿ ಸಿನ್ಸಿನಾಟಿಯಲ್ಲಿ ಗ್ರೇಟರ್ ನ್ಯೂ ಲೈಟ್ ಬ್ಯಾಪ್ಟಿಸ್ಟ್ ಚರ್ಚನ್ನು ಸ್ಥಾಪಿಸಿ, 2006ರವರೆಗೆ ಅದರ ಪಾದ್ರಿಯಾಗಿದ್ದರು. ಬಡವರು ಸ್ವಂತ ಮನೆ ಮಾಡಿಕೊಳ್ಳಲು ನೆರವಾಗುವ ಪ್ರತಿಷ್ಠಾನವೊಂದನ್ನೂ 1988ರಲ್ಲಿ ಕಟ್ಟಿದರು. 2001ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಪ್ರೆಸಿಡೆನ್ಷಿಯಲ್ ಸಿಟಿಜನ್ಸ್ ಪದಕ ನೀಡಿದರು. ಒಮ್ಮೆ ಅವರನ್ನು ಊರು ಬಿಡಿಸಲು ನೋಡಿದ ಬರ್ಮಿಂಗ್‌ಹ್ಯಾಮ್, 2008ರಲ್ಲಿ ತನ್ನ ವಿಮಾನ ನಿಲ್ದಾಣಕ್ಕೆ ಅವರ ಹೆಸರು ಸೇರಿಸಿತು. ಆ ವರ್ಷವೇ ಅಲ್ಲಿಗೆ ಮರಳಿದ ಷಟಲ್ಸ್‌ವರ್ತ್ 2011ರ ಅಕ್ಟೋಬರ್ 5ರಂದು ಅದೇ ಊರಿನಲ್ಲಿ ತೀರಿಕೊಂಡರು. ಅವರ ಸಮಾಧಿ ನಗರದ ಓಕ್ ಹಿಲ್ ಸ್ಮಶಾನದಲ್ಲಿದೆ.