ಜುಗುಪ್ಸೆಯೂ ನಿರ್ವಿಚಿಕಿತ್ಸೆಯೂ: ಸೂಪಾ ಸೀಮೆಯ ಇತಿಹಾಸ ಕಲಿಸುವ ಪಾಠ

ಕೆಲವರ ಸ್ವಭಾವವೇ ಹಾಗೆ. ಹೊಲಸಿನ ಸೋಂಕು ಅವರಿಗೆ ಕಿಂಚಿತ್ತೂ ಸಹ್ಯವಾಗದು. ತಮ್ಮ ಅಂತಸ್ತಿಗೆ ಎಲ್ಲಿ ಕುಂದು ಬಂದೀತೋ ಎಂಬ ಎಚ್ಚರ ಸದಾ ಇರುತ್ತದೆ. ತಾವು ಎಳೆದ ಗೆರೆಯನ್ನು ಅನ್ಯರು ದಾಟಿದರೆ ಅವರ ಮನಸ್ಸು ಕುದಿಯುತ್ತದೆ. ಹೇಸಿಕೆಯ ಈ ತೀವ್ರತೆ ವ್ಯಕ್ತಿಯಿಂದ ವ್ಯಕ್ತಿಗೆ ಹೇಗೆ ಭಿನ್ನವಾಗುತ್ತದೆ ಎಂಬುದನ್ನು ಅಳೆಯಲು ಜೊನಾಥನ್ ಹೈಟ್, ಕ್ಲಾರ್ಕ್ ಮೆಕಾಲಿ ಮತ್ತು ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು.

ಜೈನಾಚಾರ್ಯರು ಈ ಭಾವವನ್ನು ಬಹು ಹಿಂದೆಯೇ ಗುರುತಿಸಿ ‘ಜುಗುಪ್ಸೆ’ ಎಂದು ಹೆಸರಿಸಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಅದು ಒಂಬತ್ತು ನೋಕಷಾಯಗಳಲ್ಲಿ ಒಂದು; ಚಾರಿತ್ರಮೋಹನೀಯ ಕರ್ಮದ ಒಂದು ಭೇದ. ಎಂದರೆ ಹೇಸಿಕೆಯು ಶುಚಿತ್ವದ ಲಕ್ಷಣವಲ್ಲ, ಆತ್ಮನಿಗೆ ಅಂಟಿದ ಬಂಧನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಮೂರನೆಯ ಅಂಗವಾಗಿ ‘ನಿರ್ವಿಚಿಕಿತ್ಸೆ’ಯನ್ನು ನಿರೂಪಿಸಿದ್ದಾರೆ. ಅದಕ್ಕೆ ಉದಾಹರಣೆಯಾದ ಉದ್ದಾಯನ ಮಹಾರಾಜನ ಕಥೆ ಪ್ರಸಿದ್ಧವಾದುದು. ಕುಷ್ಠರೋಗಿ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನು ಕಾರಿಕೊಂಡಾಗ, ಅರಸನು ಮುಖ ತಿರುಗಿಸದೆ, ತಾನಿತ್ತ ಆಹಾರದಲ್ಲಿಯೇ ದೋಷವಿದ್ದೀತೆಂದು ಮರುಗಿ ಆತನ ಮೈ ತೊಳೆದನು. ಅದೇ ಗ್ರಂಥವು ಕುಲ, ಜಾತಿಗಳ ಹೆಮ್ಮೆಯನ್ನು ಎಂಟು ಮದಗಳಲ್ಲಿ ಸೇರಿಸಿದೆ; ಮಾತಂಗ ಕುಲದಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ಪೂಜ್ಯನೆಂದು ಸಾರಿದೆ. ಹೇಸಿಕೆಗೂ ಅಂತಸ್ತಿನ ಮದಕ್ಕೂ ಇರುವ ನಂಟು ಆಚಾರ್ಯರಿಗೆ ತಿಳಿಯದ್ದೇನಲ್ಲ.

ಈ ತತ್ತ್ವದ ಛಾಯೆಯನ್ನು ಸೂಪಾ ಸೀಮೆಯ ನೆರೆಯ ಶಾಸನಗಳಲ್ಲಿಯೂ ಕಾಣಬಹುದು. ಹಳಿಯಾಳಕ್ಕೆ ಹೊಂದಿಕೊಂಡ ಖಾನಾಪುರ ತಾಲೂಕಿನ ಹಲಸಿಯೇ ಪ್ರಾಚೀನ ಪಲಾಶಿಕಾ. ಅಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ 19ನೆಯ ಶತಮಾನದಲ್ಲಿ ಪ್ರಕಟಿಸಿದರು. 5ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಮೃಗೇಶವರ್ಮನು ತನ್ನ ತಂದೆಯ ಸ್ಮರಣಾರ್ಥ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರೂ ಸಂಘಗಳಿಗೆ ದಾನವಿತ್ತನು. ಈ ಸಂಘಗಳ ಆಚಾರ ವಿಚಾರಗಳು ಒಂದೇ ಆಗಿರಲಿಲ್ಲ. ಸ್ತ್ರೀಮುಕ್ತಿಯನ್ನು ಯಾಪನೀಯರು ಒಪ್ಪುತ್ತಿದ್ದರು, ದಿಗಂಬರ ನಿರ್ಗ್ರಂಥರು ಒಪ್ಪುತ್ತಿರಲಿಲ್ಲ. ಆದರೂ ದಾನಶಾಸನವು ಒಬ್ಬರನ್ನು ಶುದ್ಧರೆಂದೂ ಇನ್ನೊಬ್ಬರನ್ನು ಅಶುದ್ಧರೆಂದೂ ಬಗೆಯಲಿಲ್ಲ. ಅಲ್ಲಿ ಎಲ್ಲೆಗಳಿದ್ದವು, ತಿರಸ್ಕಾರವಿರಲಿಲ್ಲ.

ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಮೊದಲ ಕಥೆ, ಸುಕುಮಾರಸ್ವಾಮಿಯ ಕಥೆ, ಇದೇ ವಿಷಯವನ್ನು ಇನ್ನಷ್ಟು ಆಳಕ್ಕೆ ಒಯ್ಯುತ್ತದೆ. ವಿದ್ಯಾಮದದಿಂದ ಬೀಗಿದ ವಾಯುಭೂತಿಯು, ತನಗೆ ಓದಿಸಿದ ಸೂರ್ಯಮಿತ್ರನು ಮುನಿಯಾಗಿ ಎದುರಾದಾಗ ವಂದಿಸದೆ ನಿಂದಿಸುತ್ತಾನೆ. ಆ ಪಾಪದಿಂದ ಕುಷ್ಠರೋಗಿಯಾಗಿ ಸತ್ತು, ಪ್ರಾಣಿಜನ್ಮಗಳನ್ನು ಕಳೆದು, ದುರ್ಗಂಧದ ಮೈಯ ಕುರುಡಿ ಚಂಡಾಲಕನ್ಯೆಯಾಗಿ ಹುಟ್ಟುತ್ತಾನೆ. ಲೋಕವೆಲ್ಲ ಹೇಸುವ ಆ ಕನ್ಯೆಯನ್ನು ಕಂಡು ಅಗ್ನಿಭೂತಿ ಮುನಿಯ ಹೃದಯ ಕರಗುತ್ತದೆ. ಆಕೆಗೆ ವ್ರತಗಳು ದೊರೆಯುತ್ತವೆ. ಆ ಜೀವವೇ ಮುಂದೆ ಸುಕುಮಾರನಾಗುತ್ತದೆ. ಮುನಿಗಳು ಅಂದು ಮೂಗು ಮುಚ್ಚಿಕೊಂಡು ಸರಿದುಹೋಗಿದ್ದರೆ ಆ ಮಹಾಪುರುಷನ ಕಥೆಯೇ ಇರುತ್ತಿರಲಿಲ್ಲ.

ಇಂದಿನ ಸೂಪಾ ಸೀಮೆಗೆ ಬಂದರೆ ಈ ಪ್ರಶ್ನೆ ಜೀವಂತವಾಗಿಯೇ ನಿಲ್ಲುತ್ತದೆ. ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಸೂಪಾ ಊರು ಮುಳುಗಿತು. ನೆಲೆ ಕಳೆದುಕೊಂಡವರು ಅನ್ಯರ ಊರುಗಳಲ್ಲಿ ಬದುಕು ಕಟ್ಟಬೇಕಾಯಿತು. 1966ರಿಂದ ಮುಂಡಗೋಡು ಟಿಬೆಟಿನ ನಿರಾಶ್ರಿತರಿಗೆ ಆಶ್ರಯವಾಯಿತು. ಹಳಿಯಾಳ, ಜೋಯಿಡಾ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರು ಆಫ್ರಿಕದಿಂದ ಪೋರ್ಚುಗೀಸರ ಗೋವೆಗೆ ದಾಸರಾಗಿ ತರಲ್ಪಟ್ಟವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಕಾನೂನು ಸ್ಥಾನವನ್ನು ಕೊಡಬಲ್ಲದು, ನೋಡುವ ಕಣ್ಣಿನೊಳಗಿನ ಹೇಸಿಕೆಯನ್ನು ತೆಗೆಯಲಾರದು. ಅದು ಧರ್ಮದ ಕೆಲಸ.

ಇಲ್ಲಿ ಶ್ರಾವಕರು ವಿವೇಕವನ್ನೂ ಜುಗುಪ್ಸೆಯನ್ನೂ ಬೇರ್ಪಡಿಸಿ ನೋಡಬೇಕಾಗಿದೆ. ನೀರನ್ನು ಸೋಸಿ ಕುಡಿಯುವುದು, ರಾತ್ರಿಭೋಜನವನ್ನು ಬಿಡುವುದು, ಕಂದಮೂಲಗಳನ್ನು ವರ್ಜಿಸುವುದು, ಇವೆಲ್ಲ ಸೂಕ್ಷ್ಮಜೀವಗಳ ಮೇಲಿನ ಕರುಣೆಯಿಂದ ಹುಟ್ಟಿದ ನಿಯಮಗಳು. ಅವು ತನ್ನ ಕೈ ಬಾಯಿಗಳಿಗೆ ಹಾಕಿಕೊಂಡ ಕಟ್ಟು, ಅನ್ಯರ ಮೇಲೆ ಕೊಟ್ಟ ತೀರ್ಪಲ್ಲ. ಅದೇ ನಿಯಮದ ಬಲದಿಂದ ಕೆಲಸದವಳ ಲೋಟವನ್ನು ಬೇರೆ ಇಟ್ಟರೆ, ಬಸದಿಯ ಅಂಗಳವನ್ನು ಗುಡಿಸುವವನನ್ನು ಊಟದ ಹೊತ್ತಿಗೆ ದೂರ ಕೂರಿಸಿದರೆ, ಕಾಣದ ಜೀವಕ್ಕೆ ದಯೆ ತೋರಿ ಕಾಣುವ ಜೀವವನ್ನು ನೋಯಿಸಿದಂತಾಯಿತು. ಆಗ ವ್ರತದ ಹೆಸರಿನಲ್ಲಿ ಬೆಳೆಯುವುದು ನೋಕಷಾಯವೇ.

ಆದುದರಿಂದ ಪ್ರತಿ ಮನೆಯೂ ಪ್ರತಿ ಬಸದಿಯ ಆಡಳಿತ ಮಂಡಳಿಯೂ ತಾನು ಪಾಲಿಸುವ ಒಂದೊಂದು ಎಲ್ಲೆಯನ್ನು ಪರೀಕ್ಷಿಸಿಕೊಳ್ಳುವುದು ಉಚಿತ. ಇದು ಯಾವ ಜೀವವನ್ನು ಕಾಪಾಡುತ್ತದೆ? ಉತ್ತರ ದೊರೆತರೆ ಆ ನಿಯಮ ಧರ್ಮವಾಗಿ ನಿಲ್ಲಲಿ. ದೊರೆಯದೆ, ಕೇವಲ ಯಾರನ್ನೋ ದೂರವಿಡುವುದಷ್ಟೇ ಅದರ ಫಲವಾಗಿದ್ದರೆ, ಅದನ್ನು ಬಿಡುವುದೇ ನಿರ್ವಿಚಿಕಿತ್ಸೆಯ ಆಚರಣೆ.